ಚುಕ್ಕಿ ಕೊಟ್ಟ ಹತ್ತು ಚಿತ್ರಗಳು

ಚುಕ್ಕಿ ಎಂಬ ಹೆಸರನ್ನು ನನ್ನ ಗೆಳೆಯನಿಗೆ ಇಟ್ಟವರು ನಮ್ಮ ಊರಿನ ಫೋಟೋಗ್ರಾಫರುಗಳ ಸಂಘದ ಕಾರ್ಯದರ್ಶಿ. ಒಮ್ಮೆ ಸಂಘದ ತಿಂಗಳ ಸಭೆಗೆ ಅವನು ತನ್ನ ಚಿತ್ರವೊಂದನ್ನು ತಂದು ಗೋಡೆಗೆ ಒರಗಿಸಿ ನಿಲ್ಲಿಸಿದ್ದ. ಕೆಳಗೆ ಕಣಿವೆ, ನಡುವೆ ಬೋಳು ಬಂಡೆಯ ಬೆಟ್ಟ, ಉಳಿದದ್ದೆಲ್ಲ ಆಕಾಶ. ಕಾರ್ಯದರ್ಶಿ ಬಗ್ಗಿ ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಆಕಾಶವನ್ನು ಒರೆಸಲು ಹೋದರು.

"ಧೂಳು ಕೂತಿದೆಯಲ್ರೀ."

"ಒರೆಸಬೇಡಿ ಸಾರ್, ಅದು ಹದ್ದು."

ಸಭೆಗೆ ಸಭೆಯೇ ನಕ್ಕಿತು. "ಹದ್ದು ತೋರಿಸ್ತೀನಿ ಅಂತ ಕರೆದು ಚುಕ್ಕಿ ತೋರಿಸ್ತೀರಲ್ಲ" ಎಂದರು ಕಾರ್ಯದರ್ಶಿ. ಅಂದಿನಿಂದ ಅವನು ಚುಕ್ಕಿಯಾದ. ಸಿಟ್ಟು ಬಂದಾಗ ಅವನ ಅಕ್ಕನೂ ಹಾಗೇ ಕರೆಯುತ್ತಿದ್ದಳು. ಅವನಿಗೆ ಅದರಿಂದ ಬೇಜಾರಾಯಿತೋ ಇಲ್ಲವೋ, ನನಗೆ ತಿಳಿಯದು. ಕೇಳಬಹುದಿತ್ತು, ಕೇಳಲಿಲ್ಲ. ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ ಹೀಗೆ ಕೇಳದೆ ಉಳಿದವು ಒಂದೊಂದಾಗಿ ನೆನಪಾಗುತ್ತಿವೆ.

ಹೊಟ್ಟೆಪಾಡಿಗೆ ಅವನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಗಳಲ್ಲಿ ಅವನೂ ಅಕ್ಕನೂ. ಅಕ್ಕ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ತಮ್ಮ ಮದುವೆಯಾಗಲಿಲ್ಲ. ಅಂಗಡಿಯ ಹಿಂದೆ ಕಣ್ಣು ಪರೀಕ್ಷೆ ಮಾಡುವ ಪುಟ್ಟ ಕೋಣೆ ಇತ್ತು. ಅಕ್ಷರಗಳ ಹಲಗೆಯನ್ನು ಇಪ್ಪತ್ತು ಅಡಿ ದೂರದಿಂದ ಓದಿಸಬೇಕು, ಕೋಣೆ ಇದ್ದದ್ದು ಹತ್ತೇ ಅಡಿ. ಅದಕ್ಕೆ ಅವನು ಹಲಗೆಯನ್ನು ಗಿರಾಕಿಯ ಕುರ್ಚಿಯ ಹಿಂದೆ ತೂಗುಹಾಕಿ ಎದುರು ಗೋಡೆಗೆ ಕನ್ನಡಿ ಹಾಕಿದ್ದ. ಹಲಗೆಯ ಅಕ್ಷರಗಳೆಲ್ಲ ಎಡಬಲ ತಿರುಗಿ ಅಚ್ಚಾಗಿದ್ದವು. ಕನ್ನಡಿಯಲ್ಲಿ ನೋಡಿದರೆ ನೆಟ್ಟಗೆ ಕಾಣುತ್ತಿದ್ದವು. ಮೊದಲ ಸಲ ನಾನು ಒಳಗೆ ಹೋದಾಗ ಆ ಹಲಗೆಯನ್ನು ನೇರವಾಗಿ ನೋಡಿ, "ಏನೋ ಇದು, ಯಾವ ದೇಶದ ಭಾಷೆ?" ಎಂದಿದ್ದೆ. "ಕೂತು ನೋಡು, ನಮ್ಮದೇ ಆಗುತ್ತೆ" ಎಂದಿದ್ದ.

ವಾರದ ಆರು ದಿನ ಊರಿನವರ ಕಣ್ಣು, ಏಳನೇ ದಿನ ಹದ್ದು. ಕಸದ ಗುಂಡಿಯ ಮೇಲೆ ಸುತ್ತುವ ಹದ್ದುಗಳಲ್ಲ. ಕಡಿದಾದ ಬಂಡೆಯ ಚಾಚಿನಲ್ಲಿ ಕಡ್ಡಿಯ ಗೂಡು ಕಟ್ಟಿ, ಮೊಲವನ್ನು ಸಲೀಸಾಗಿ ಎತ್ತಿಕೊಂಡು ಹೋಗುವ ದೊಡ್ಡ ಜಾತಿ. "ಊರಿಗೆಲ್ಲ ಕನ್ನಡಕ ಹಾಕ್ತೀನಿ, ನನ್ನ ಗಿರಾಕಿ ಆಗೋಕೆ ಸಾಧ್ಯವೇ ಇಲ್ಲದ ಪ್ರಾಣಿ ಅದೊಂದೇ ಕಣೋ. ಅದಕ್ಕೇ ಅದರ ಮೇಲೆ ಗೌರವ" ಎನ್ನುತ್ತಿದ್ದ.

ದೂರದ್ದನ್ನು ಹತ್ತಿರ ತೋರುವ ಮಸೂರ ಅವನಲ್ಲಿ ಇರಲಿಲ್ಲ ಎಂದು ಸಂಘದವರು ಭಾವಿಸಿದ್ದರು. ಇತ್ತು. ಬೀರುವಿನಲ್ಲಿ, ಪೆಟ್ಟಿಗೆ ಒಡೆಯದೆ. ಒಮ್ಮೆ ನಾನೇ ಆ ವಿಷಯ ತೆಗೆದು ಅವನನ್ನು ಕೆಣಕಿದ್ದೆ.

"ಕೊಕ್ಕು, ಕಣ್ಣು, ಗರಿ ಎಲ್ಲ ಸ್ಪಷ್ಟವಾಗಿ ಬಂದರೆ ಜನ ಹೊಗಳ್ತಾರಲ್ಲೋ."

"ನಿನ್ನ ಫೋಟೋ ತೆಗೀಬೇಕು ಅಂತಿಟ್ಕೋ. ನಿನ್ನ ಮೂಗಿನ ಹೊಳ್ಳೆ ತೆಗೀಲಾ? ಇಲ್ಲ ಈ ಮೇಜು, ಈ ಕಾಗದದ ರಾಶಿ, ನೀನು ಕುಡಿಯೋಕೆ ಮರೆತ ಆ ಚಹಾ, ಎಲ್ಲ ಸೇರಿಸಿ ತೆಗೀಲಾ?"

"ನಾನು ಎಷ್ಟು ದೊಡ್ಡದಾಗಿ ಕಾಣ್ತೀನಿ ಅದರಲ್ಲಿ?"

"ನೀನು ಇರೋಷ್ಟೇ."

ನಾನು ಆಗ ಪತ್ರಿಕೆಯೊಂದರಲ್ಲಿ ಭಾನುವಾರದ ಪುರವಣಿ ನೋಡಿಕೊಳ್ಳುತ್ತಿದ್ದೆ. ಪುರವಣಿ ಶನಿವಾರವೇ ಮುಗಿಯುವುದರಿಂದ ಭಾನುವಾರ ನನಗೆ ಬಿಡುವು. ಅವನ ಜೊತೆ ಬೆಟ್ಟಕ್ಕೆ ಹೋಗುತ್ತಿದ್ದೆ. ಗೂಡಿನಿಂದ ಅರ್ಧ ಮೈಲಿ ದೂರದಲ್ಲಿ ಮರೆ ನೋಡಿ ಕೂರುವುದು, ಅಷ್ಟೇ ಕೆಲಸ. ಮಾತಾಡುವಂತಿಲ್ಲ, ಕೆಮ್ಮು ಬಂದರೆ ತೋಳಿನಲ್ಲಿ ಮುಖ ಮುಚ್ಚಿಕೊಳ್ಳಬೇಕು. ಆರು ತಾಸು ಕೂತು ಒಂದೂ ಚಿತ್ರ ತೆಗೆಯದೆ ಬಂದ ದಿನಗಳಿವೆ. ಡಿಜಿಟಲ್ ಬಂದ ಮೇಲೂ ಅವನು ಫಿಲ್ಮ್ ಬಿಟ್ಟವನಲ್ಲ. ಮನೆಯ ಸ್ನಾನದ ಕೋಣೆಯನ್ನೇ ಕತ್ತಲು ಮಾಡಿಕೊಂಡು ತಾನೇ ಅಚ್ಚು ಹಾಕುತ್ತಿದ್ದ. "ಊರವರು ಮೈ ತೊಳ್ಕೊಳ್ತಾರೆ, ನಮ್ಮನೇಲಿ ಹದ್ದು ತೊಳೀತಾರೆ" ಎಂದು ಅಕ್ಕ ಬಾಗಿಲು ಬಡಿಯುತ್ತಿದ್ದಳು.

ಇನ್ನು ನಾನು ಮಾಡಿದ ತಪ್ಪು. ಹದಿನಾಲ್ಕು ವರ್ಷದ ಹಿಂದೆ ಅವನು ಒಂದು ಚಿತ್ರ ತಂದು ನನ್ನ ಮೇಜಿನ ಮೇಲಿಟ್ಟ. ಮೂರು ಹಲ್ಲು ಉಳಿದ ಬಾಚಣಿಗೆಯಂಥ ಶಿಖರ, ಅದರ ಬುಡದಲ್ಲಿ ಬಂಡೆಯ ಚಾಚು, ಚಾಚಿನಿಂದ ಆಗಷ್ಟೇ ರೆಕ್ಕೆ ಬಿಚ್ಚಿದ ಹದ್ದು. ಆ ಬೆಟ್ಟದ ಒಂಟಿತನವೆಲ್ಲ ಆ ಸಣ್ಣ ಕಪ್ಪು ಗೆರೆಯಲ್ಲಿ ಬಂದು ನಿಂತಂತಿತ್ತು. "ಇದು ನಿನಗೆ. ಪೇಪರಿಗಲ್ಲ" ಎಂದ. ಗೋಡೆಗೆ ಅಂಟಿಸಿಕೊಂಡೆ. ಒಂದು ಶನಿವಾರ ಬರುತ್ತದೆ ಎಂದಿದ್ದ ಲೇಖನ ಬರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಅರ್ಧ ಪುಟ ಖಾಲಿ. ಕಣ್ಣೆತ್ತಿದರೆ ಚಿತ್ರ. ಅವನ ಹದ್ದನ್ನು ಧೂಳು ಎಂದವರ ಬಾಯಿ ಮುಚ್ಚಿಸಬಹುದು ಎಂದೂ ಅನ್ನಿಸಿತು. ಸುಳ್ಳೇಕೆ, ಪುಟ ತುಂಬುತ್ತದೆ ಎನ್ನುವುದೇ ಮೊದಲು ಅನ್ನಿಸಿದ್ದು. ಜಾಗದ ಹೆಸರು ಎಲ್ಲೂ ಬರದಂತೆ ನೋಡಿಕೊಂಡು, ಅದೇ ದೊಡ್ಡ ಜಾಣತನ ಎಂದುಕೊಂಡು ಅಚ್ಚಿಗೆ ಕಳಿಸಿದೆ.

ಆ ಶಿಖರವನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಮುಂದಿನ ಭಾನುವಾರ ಅಲ್ಲಿ ಹತ್ತು ಕ್ಯಾಮೆರಾ, ಅದರ ಮುಂದಿನ ಭಾನುವಾರ ಮೂವತ್ತು. ಅದು ಕಾವು ಕೂರುವ ಕಾಲ. ಹಕ್ಕಿ ಅಲುಗಾಡದೆ ಕೂತಿದ್ದರೆ ಇವರಿಗೆ ಹಾರುವ ಚಿತ್ರ ಸಿಗುವುದು ಹೇಗೆ? ಯಾರೋ ಕಲ್ಲು ಬೀಸಿದರು. ಹದ್ದುಗಳು ಎದ್ದು ಹೋದವು, ತಿರುಗಿ ಬರಲಿಲ್ಲ.

ಸೋಮವಾರ ಅವನು ಕಚೇರಿಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತ.

"ಮೊಟ್ಟೆ ತಣ್ಣಗಾಯ್ತು."

"ಜಾಗದ ಹೆಸರು ಹಾಕಿರಲಿಲ್ಲವಲ್ಲೋ" ಎಂದೆ. ಮೊದಲು ಬಾಯಿಗೆ ಬಂದದ್ದು ಅದೇ.

"ಹೆಸರು ಹಾಕಲಿಲ್ಲ. ಮುಖ ಹಾಕಿದೆ."

ಅಷ್ಟೇ ಹೇಳಿದ. ತರಿಸಿದ ಚಹಾ ಕುಡಿದ, ನನ್ನ ಕನ್ನಡಕದ ಸಡಿಲಾದ ತಿರುಪನ್ನು ಉಗುರಿನಿಂದಲೇ ಬಿಗಿದು ಕೊಟ್ಟು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆಯ ಭೇಟಿ ನಿಲ್ಲಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ನಾನು ಹೋಗುವುದು, ಅವನು ಮಸೂರಗಳನ್ನು ಒರೆಸುತ್ತ ಹಾಳುಹರಟೆ ಹೊಡೆಯುವುದು, ಎಲ್ಲ ಹಿಂದಿನ ಹಾಗೇ. ಬೆಟ್ಟಕ್ಕೆ ಮಾತ್ರ ಅವನು ಒಬ್ಬನೇ ಹೋಗತೊಡಗಿದ. "ಈ ಭಾನುವಾರ ನಾನೂ ಬರಲಾ?" ಎಂದರೆ, "ದೂರ ಕಣೋ" ಎನ್ನುತ್ತಿದ್ದ. ಮೂರು ಸಲ ಕೇಳಿದೆ. ನಾಲ್ಕನೇ ಸಲ ಕೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಕಚೇರಿಗೆ ಬಂದು ಲಕೋಟೆಯೊಂದನ್ನು ಮುಂದಿಟ್ಟ.

"ಹಾರಿತು. ಇದು ನಿನಗೆ."

ಅದೇ ಜೋಡಿ ಇನ್ನೊಂದು ಬೆಟ್ಟ ಹಿಡಿದಿತ್ತು. ಅವನು ಹುಡುಕಿ ಹಿಡಿದಿದ್ದ. ಮರಿ ಗೂಡು ಬಿಟ್ಟು ಹಾರಿದ ವಾರ ನನಗೊಂದು ಚಿತ್ರ. ಆಮೇಲೆ ಪ್ರತಿ ವರ್ಷವೂ ಹೀಗೇ. ಹಾರಿತು, ಇದು ನಿನಗೆ. "ಪೇಪರಿಗಲ್ಲ" ಎಂಬ ಮಾತನ್ನು ಮತ್ತೆಂದೂ ಹೇಳಲಿಲ್ಲ. ಹೇಳುವ ಅಗತ್ಯವಿಲ್ಲದಷ್ಟು ನಂಬಿದ್ದಾನೆ ಎಂದುಕೊಂಡು ಒಳಗೊಳಗೇ ಸಮಾಧಾನಪಟ್ಟೆ. ಹತ್ತು ವರ್ಷಕ್ಕೆ ಹತ್ತು ಚಿತ್ರ. ಬೀಗ ಹಾಕಿದ ಖಾನೆಯಲ್ಲಿಟ್ಟು ಯಾರಿಗೂ ತೋರಿಸಲಿಲ್ಲ.

ಹನ್ನೊಂದನೆಯದು ಬರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಕೆಳಗೆ ಬಂದವನು ಗಿರಾಕಿಯ ಕುರ್ಚಿಯಲ್ಲಿ ಕೂತ, ಏಳಲಿಲ್ಲ. ಚಹಾಕ್ಕೆ ಕರೆಯಲು ಬಂದ ಅಕ್ಕನಿಗೆ ಮೊದಲು ಕಂಡದ್ದು ಕನ್ನಡಿ. "ಕನ್ನಡಿಲಿ ನಿದ್ದೆ ಮಾಡ್ತಿದ್ದ ಕಣೋ. ತಿರುಗಿ ನೋಡೋಕೆ ಭಯ ಆಯ್ತು" ಎಂದಳು. ಆ ಮಾತನ್ನು ಬಂದವರಿಗೆಲ್ಲ ಹೇಳಿದಳು. ಅಕ್ಕನ ಸ್ವಭಾವ ಹಾಗೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಾರಳು. "ಅಕ್ಕನ ಕಿವಿಗೆ ಬಿತ್ತು ಅಂದರೆ ಊರಿಗೆ ಡಂಗುರ ಹೊಡೆದಂತೆ" ಎಂದು ಅವನೇ ನಗುತ್ತಿದ್ದ.

ಹದಿನೈದು ದಿನ ಕಳೆದ ಮೇಲೆ ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದರು. ಮುಖ ಸಪ್ಪಗಿತ್ತು. "ಧೂಳು ಅಂದಿದ್ದೆ ನಾನು" ಎಂದರು. ಸಂಘದಿಂದ ಒಂದು ಪ್ರದರ್ಶನ ಮಾಡುವುದು, ಚಿತ್ರಗಳನ್ನು ಗೋಡೆಯಷ್ಟು ದೊಡ್ಡದಾಗಿ ಹಾಕುವುದು ಅವರ ಯೋಚನೆ. ಅಕ್ಕನಿಗೆ ನನ್ನ ಖಾನೆಯ ಹತ್ತು ಚಿತ್ರಗಳ ವಿಷಯ ಗೊತ್ತಿತ್ತು. ಅವನ ಕೆಲಸದಲ್ಲೆಲ್ಲ ಅವೇ ಮೇಲು ಎನ್ನುವುದೂ ಗೊತ್ತಿತ್ತು.

ನಾನು ಹಿಂದೇಟು ಹಾಕಿದೆ. ಆ ಚಿತ್ರಗಳಲ್ಲಿ ಹದ್ದಿಗಿಂತ ಬೆಟ್ಟವೇ ಹೆಚ್ಚು. ಗೋಡೆಯಷ್ಟು ದೊಡ್ಡದಾಗಿ ತೋರಿಸಿದರೆ ಬೆಟ್ಟದ ಗುರುತು ಹತ್ತುತ್ತದೆ, ಮತ್ತೆ ಮೂವತ್ತು ಕ್ಯಾಮೆರಾ, ಮತ್ತೆ ಕಲ್ಲು. ತೋರಿಸದಿದ್ದರೆ ಅವನು ಊರಿನ ಪಾಲಿಗೆ ಚುಕ್ಕಿಯಾಗಿಯೇ ಉಳಿಯುತ್ತಾನೆ. ಇದನ್ನು ಅಕ್ಕನಿಗೆ ಹೇಳಿದೆ.

"ಹದ್ದಿಗೋಸ್ಕರ ಮದುವೆ ಬಿಟ್ಟ, ಭಾನುವಾರ ಬಿಟ್ಟ, ನನ್ನ ಸ್ನಾನದ ಕೋಣೆ ಕಿತ್ಕೊಂಡ. ಸತ್ತ ಮೇಲೂ ಅದಕ್ಕೇ ಮೊದಲ ಪಾಲಾ? ನನ್ನ ತಮ್ಮನಿಗೆ ಏನೂ ಇಲ್ವಾ?"

"ಮೂರು ವಾರ ಕೊಡು ಅಕ್ಕ. ಆ ಬೆಟ್ಟವನ್ನು ಒಮ್ಮೆ ಕಣ್ಣಾರೆ ನೋಡಿ ಬರ್ತೀನಿ. ಚಿತ್ರ ನೋಡಿದವರಿಗೆ ಗುರುತು ಸಿಗೋ ಹಾಗಿದ್ದರೆ ಬೇಡ, ಇಲ್ಲದಿದ್ದರೆ ಹಾಕೋಣ" ಎಂದೆ.

ಅವನು ಭಾನುವಾರ ಮೊದಲ ಬಸ್ಸು ಹಿಡಿಯುತ್ತಿದ್ದ ಎನ್ನುವುದು ಮಾತ್ರ ಅಕ್ಕನಿಗೆ ತಿಳಿದಿತ್ತು. ಹತ್ತೂ ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಆ ಬಸ್ಸು ಹತ್ತಿದೆ. ಕಂಡಕ್ಟರನ್ನು ಕೇಳಿದೆ.

"ಕನ್ನಡಕದವರಾ? ಟೋಪಿ, ಉದ್ದನೆ ಚೀಲ? ಅವರು ಎಲ್ಲಿ ಹೋದ್ರು ಸಾರ್, ಕಾಣೋದೇ ಇಲ್ಲ."

ಹೇಳಿದೆ. ಅವರು ಜೇಬಿನಿಂದ ಕನ್ನಡಕ ತೆಗೆದು ತೋರಿಸಿದರು. "ನನಗೆ ಓದೋ ಕನ್ನಡಕ ಅವರೇ ಕೊಟ್ಟಿದ್ದು. ಓಡೋ ಬಸ್ಸಲ್ಲೇ ಕಣ್ಣು ಪರೀಕ್ಷೆ ಮಾಡಿಬಿಟ್ರು, ಟಿಕೆಟ್ಟಿನ ನಂಬರು ಓದಿಸಿ." ನಾನು ಇಳಿಯಬೇಕಾದ ಜಾಗ ಬಂದಾಗ ಅವರೇ ಸೀಟಿ ಊದಿದರು. ಆ ಜಾಗ ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ಇಳಿದು ಒಂದು ತಾಸು ನಡೆದರೆ ಬೆಟ್ಟಗಳ ಸಾಲು. ಚಿತ್ರ ಕೈಯಲ್ಲಿ ಹಿಡಿದು ಹುಡುಕಿದೆ. ಚಿತ್ರದಲ್ಲಿ ಹೊಳೆ ಎಡಕ್ಕೆ ಹೊರಳುತ್ತದೆ, ಬಂಡೆಯಲ್ಲಿ ಬಲಮೇಲಿನಿಂದ ಎಡಕೆಳಕ್ಕೆ ಒಂದು ಬಿರುಕು, ಎಡ ಅಂಚಿನಲ್ಲಿ ಒಂಟಿ ಮರ. ಅಂಥ ಬೆಟ್ಟ ಸಿಗಲಿಲ್ಲ. ವಿಚಿತ್ರವೆಂದರೆ ಯಾವುದೂ ಪೂರ್ತಿ ಅಪರಿಚಿತವಾಗಿಯೂ ಕಾಣಲಿಲ್ಲ. ಬಲ್ಲವರ ಮನೆಗೆ ಹಿತ್ತಿಲ ಬಾಗಿಲಿನಿಂದ ಹೊಕ್ಕಂತೆ. ಎರಡನೇ ಭಾನುವಾರವೂ ಅದೇ ಕತೆ. ಗೂಡು ತಪ್ಪಿಹೋಗಿದೆ, ಅಥವಾ ಕಂಡಕ್ಟರ್ ಬೇರೆ ಯಾವುದೋ ನಿಲ್ದಾಣ ಹೇಳಿದ್ದಾರೆ ಎಂದುಕೊಂಡೆ.

ಮೂರನೇ ಭಾನುವಾರ ಕಾಲು ಸೋತು ಒಂದು ಬಂಡೆಯ ಮೇಲೆ ಕೂತೆ. ಚಿತ್ರಗಳ ಹಿಂದೆ ಅವನು ಸೀಸದ ಕಡ್ಡಿಯಲ್ಲಿ ತಾರೀಕು ಬರೆಯುತ್ತಿದ್ದ. ಓದೋಣವೆಂದು ಒಂದನ್ನು ತಿರುಗಿಸಿ ಮುಖದ ಮುಂದೆ ಎತ್ತಿ ಹಿಡಿದೆ. ಎದುರಿನಿಂದ ಬಿಸಿಲು ಕಾಗದದಲ್ಲಿ ಹಾಯಿತು. ತಾರೀಕಿನ ಹಿಂದೆ ಬೆಟ್ಟ ಮಸುಕಾಗಿ ಮೂಡಿತು. ಕಾಗದವನ್ನು ಇಷ್ಟು ಕೆಳಗಿಳಿಸಿದರೆ ಅದೇ ಬೆಟ್ಟ ಎದುರಿಗಿತ್ತು. ಬಿರುಕಿಗೆ ಬಿರುಕು, ಮರಕ್ಕೆ ಮರ, ಹೊಳೆಯ ಹೊರಳಿಗೆ ಹೊರಳು.

ಅವನು ನೆಗೆಟಿವ್ ಅನ್ನು ಮಗುಚಿಟ್ಟು, ಎಡಬಲ ತಿರುಗುವಂತೆ ಅಚ್ಚು ಹಾಕಿದ್ದ. ಹತ್ತನ್ನೂ ತೆಗೆದು ಬಿಸಿಲಿಗೆ ಹಿಡಿದೆ. ಹತ್ತೂ ಹಾಗೇ. ಅಕ್ಷರವಾಗಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಬೆಟ್ಟಕ್ಕೆ, ಹದ್ದಿಗೆ ಎಡವೇನು, ಬಲವೇನು? ಮೂವತ್ತು ವರ್ಷ ಮಗುಚಿದ ಅಕ್ಷರಗಳ ಕೆಳಗೆ ನಿಂತು ದುಡಿದವನಿಗೆ ಹೊಳೆಯುವ ಉಪಾಯ.

ಬಿರುಕಿನ ಗುಂಟ ಕಣ್ಣು ಹಾಯಿಸಿದೆ. ಬಂಡೆಯ ಮೇಲೆ ಸುಣ್ಣ ಸುರಿದಂಥ ಬಿಳಿ ಗೆರೆಗಳು, ಅವುಗಳ ಮೇಲೆ ಕಡ್ಡಿಯ ರಾಶಿ, ರಾಶಿಯ ಅಂಚಿನಲ್ಲಿ ಕಂದು ಬಣ್ಣದ ದೊಡ್ಡ ಮರಿ. ನಿಂತಲ್ಲೇ ರೆಕ್ಕೆ ಬಡಿದು, ಗಾಳಿಗೆ ಒಂದು ಗೇಣು ಎದ್ದು, ಹೆದರಿದಂತೆ ಮತ್ತೆ ಕೂತಿತು. ನಾನು ಕೂತ ಬಂಡೆಯ ಸಂದಿಯಲ್ಲಿ ಕಲ್ಲಿನಡಿ ಹಳದಿ ಬಟ್ಟೆಯ ತುಂಡೊಂದಿತ್ತು. ಅವನ ಅಂಗಡಿಯಲ್ಲಿ ಕನ್ನಡಕದ ಜೊತೆ ಕೊಡುವ ಒರೆಸುವ ಬಟ್ಟೆ.

ಮೊದಲು ನಗು ಬಂತು. ಅದು ಬೇಗ ನಿಂತುಹೋಯಿತು. ಹತ್ತು ವರ್ಷ ಅವನು ನನ್ನನ್ನು ನಂಬಿರಲಿಲ್ಲ. ಪ್ರತಿ ಸಂಜೆ ಎದುರಿಗೆ ಕೂತು ನಗಿಸಿದವನು, ಮನೆಗೆ ಹೋಗಿ ಕತ್ತಲಲ್ಲಿ ನೆಗೆಟಿವ್ ಮಗುಚಿ ಇಟ್ಟು ನನ್ನ ಪಾಲಿನ ಚಿತ್ರ ಮಾಡಿದ್ದ. ಸಿಟ್ಟಿಗೆ ಚಿತ್ರಗಳನ್ನು ಚೀಲಕ್ಕೆ ತುರುಕಿದೆ. ತುರುಕುವಾಗಲೇ ನನ್ನ ಕೈಯನ್ನು ನಾನೇ ನೋಡಿದೆ. ಅವನು ಕೊಟ್ಟ ಚಿತ್ರವನ್ನೇ ಹಿಡಿದು, ಅವನು ಬಚ್ಚಿಟ್ಟ ಗೂಡನ್ನು ಹುಡುಕಿಕೊಂಡು ಬಂದವನು ನಾನೇ ಅಲ್ಲವೇ? ಕೊಡದೆ ಇದ್ದುಬಿಡಬಹುದಿತ್ತು ಅವನು. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಸಂಜೆಯ ತನಕ ಅಲ್ಲೇ ಕೂತಿದ್ದೆ. ಕೆಮ್ಮು ಬಂದಾಗ ತೋಳಿನಲ್ಲಿ ಮುಖ ಮುಚ್ಚಿಕೊಂಡೆ.

ಊರಿಗೆ ಬಂದು ನೇರ ಅಂಗಡಿಗೆ ಹೋದರೆ ಒಳಗೆ ಕಾರ್ಯದರ್ಶಿ. ಅಕ್ಕ ನೆಗೆಟಿವ್‌ಗಳ ಡಬ್ಬಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದಳು.

"ಬಂದ್ಯಾ? ಇವರೇ ದೊಡ್ಡದಾಗಿ ಅಚ್ಚು ಹಾಕಿಸ್ತಾರಂತೆ. ನೀನು ಹೂಂ ಅಂತೀಯ ಅಂತ ನಾನೇ ಹೂಂ ಅಂದ್ಬಿಟ್ಟೆ."

ಆ ನೆಗೆಟಿವ್‌ಗಳಿಂದ ಬೇರೆ ಯಾರೇ ಅಚ್ಚು ಹಾಕಲಿ, ಬೆಟ್ಟ ನೆಟ್ಟಗೇ ಬರುತ್ತದೆ.

"ಚಿತ್ರ ಹಾಕೋಣ ಸಾರ್, ಹತ್ತನ್ನೂ ಹಾಕೋಣ. ನೆಗೆಟಿವ್ ಮಾತ್ರ ನನ್ನ ಹತ್ತಿರ ಇರಲಿ. ಅಚ್ಚು ನಾನು ಎದುರು ನಿಂತು ಹಾಕಿಸ್ತೀನಿ."

"ಯಾಕ್ರೀ, ನನ್ನ ಮೇಲೆ ನಂಬಿಕೆ ಇಲ್ವಾ?"

"ಛೆ, ಎಂಥ ಮಾತು. ಇದೆ ಸಾರ್" ಎಂದೆ. ಎಂದು ಅಕ್ಕನ ಕೈಯಿಂದ ಚೀಲ ತೆಗೆದುಕೊಂಡೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಅವಳಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಊರಿಗೆ ಹೇಳಿದಂತೆ.

ಮುಂದಿನ ಭಾನುವಾರ ಮರಿ ಹಾರಿತು. ಚಾಚಿನಿಂದ ಬಿದ್ದೇ ಹೋಯಿತು ಎನ್ನುವಷ್ಟರಲ್ಲಿ ರೆಕ್ಕೆ ಗಾಳಿ ಹಿಡಿಯಿತು. ಕಣಿವೆಯ ಆಚೆ ಹೋಗಿ ಒಂದು ಚುಕ್ಕಿಯಾಯಿತು. ವಾಪಸು ಬರುವಾಗ ಬಸ್ಸಿನುದ್ದಕ್ಕೂ "ಹಾರಿತು" ಎನ್ನುವ ಮಾತು ನನ್ನ ಬಾಯಲ್ಲೇ ಇತ್ತು. ಹೇಳಬೇಕಾದವನು ಇರಲಿಲ್ಲ.

ಹತ್ತನ್ನೂ ಅವನ ಹಾಗೇ ಮಗುಚಿ ಅಚ್ಚು ಹಾಕಿಸಿದೆ. ಪ್ರದರ್ಶನಕ್ಕೆ ಜನ ಬಂದರು. ಕಾರ್ಯದರ್ಶಿ ಒಂದು ಚಿತ್ರದ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತಿದ್ದರು. ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ "ನನ್ನ ತಮ್ಮ" ಎನ್ನುತ್ತಿದ್ದಳು. ದೊಡ್ಡ ಕ್ಯಾಮೆರಾ ಚೀಲ ಹೊತ್ತವನೊಬ್ಬ ಗೆಳೆಯನಿಗೆ, "ಈ ಬೆಟ್ಟ ನಂಗೊತ್ತು ಬಿಡು" ಎಂದು ಒಂದು ಹೆಸರು ಹೇಳಿದ. ಅದು ಊರಿನ ಇನ್ನೊಂದು ದಿಕ್ಕಿನದು.

"ಅಲ್ವಾ ಸಾರ್?" ಎಂದು ನನ್ನನ್ನೇ ಕೇಳಿದ.

"ಇರಬಹುದು" ಎಂದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಈ ವರ್ಷ ಆ ಜೋಡಿ ತಾನಾಗಿಯೇ ಆ ಬೆಟ್ಟ ಬಿಟ್ಟಿತು. ಹಳೆಯ ಗೂಡಿನ ಕಡ್ಡಿಗಳು ಗಾಳಿಗೆ ಉದುರುತ್ತಿವೆ. ಯಾರು ಆ ಚಿತ್ರ ಹಿಡಿದು ಹೋದರೂ ಅಲ್ಲಿ ಸಿಗುವುದು ಬಂಡೆ ಮಾತ್ರ. ಹೊಸ ಗೂಡು ಹುಡುಕಲು ನನಗೆ ಒಂಬತ್ತು ಭಾನುವಾರ ಬೇಕಾದವು. ನಾನು ಕ್ಯಾಮೆರಾ ಒಯ್ಯುವುದಿಲ್ಲ.

ಅಂಗಡಿಯನ್ನು ಅಕ್ಕ ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ. ಸಂಜೆ ನಾನು ಹೋಗುತ್ತೇನೆ, ಅವಳು ಬಾಗಿಲು ತೆರೆದು ಧೂಳು ಹೊಡೆಯುತ್ತಾಳೆ. ಕಳೆದ ಸೋಮವಾರ ನನ್ನ ಬೂಟುಗಳನ್ನು ನೋಡಿದಳು, ಮಣ್ಣು ಮೆತ್ತಿತ್ತು.

"ನನ್ನನ್ನೂ ಒಂದು ಸಲ ಕರ್ಕೊಂಡು ಹೋಗೋ. ಅವನು ಜನ್ಮವಿಡೀ ನೋಡಿದ್ದನ್ನ ನಾನು ಒಂದು ಸಲ ನೋಡ್ತೀನಿ."

ನಾನು ಕನ್ನಡಿಯ ಕಡೆ ನೋಡಿದೆ. ಹಲಗೆಯ ಕೊನೆಯ ಸಾಲು ಈಗೀಗ ನನಗೆ ಓದಲಾಗುವುದಿಲ್ಲ.

"ದೂರ ಅಕ್ಕ."

ಅವಳು ಧೂಳು ಹೊಡೆಯುವುದನ್ನು ನಿಲ್ಲಿಸಿದಳು. "ಅವನೂ ಇದನ್ನೇ ಅಂತಿದ್ದ" ಎಂದಳು. ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟಳು.

"ಹೋಗಲಿ ಬಿಡು. ಹಾರಿತಾ?"

"ಹಾರಿತು."